ಅದೇ ದಡಕ್ಕೆ ಮೂರನೇ ಸಲ

ಕೋಲ್ಕತ್ತಾ ನಗರದ ಸ್ಥಾಪಕ ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನು ಬೇಕಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಜಾಬ್ ಚಾರ್ನಾಕ್, 1690 ಎಂದು ಹೇಳಿ ಮತ್ತೆ ಮಗ್ಗುಲಾಗುತ್ತಾರೆ. ಬೆಂಗಳೂರಿನ ವಿಜಯನಗರದಲ್ಲಿ ನಾವು ಓದಲು ಕೂರುವ ಲೈಬ್ರರಿಯಲ್ಲಿ ಈ ಹೆಸರು ಬಂದಾಗಲೆಲ್ಲ ಒಂದು ತಮಾಷೆ ನಡೆಯುತ್ತದೆ. ನಾವೆಲ್ಲ ವರ್ಷಗಟ್ಟಲೆ ಹುಡುಕುತ್ತಿರುವ ಜಾಬ್ ಈ ಪುಣ್ಯಾತ್ಮನಿಗೆ ನಾಮಕರಣದ ದಿನವೇ ಸಿಕ್ಕಿತ್ತಲ್ಲ ಅಂತ. ಅಸಲಿಗೆ ಅದು ಬೈಬಲ್ಲಿನ ಯೋಬನ ಹೆಸರು. ಕಷ್ಟದ ಮೇಲೆ ಕಷ್ಟ ಬಂದರೂ ತಾಳ್ಮೆ ಬಿಡದ ಯೋಬ.

ನನಗೆ ಈ ಹೆಸರು ಇನ್ನೊಂದು ದಾರಿಯಿಂದಲೂ ಪರಿಚಯ. ನಾನು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದಿದವಳು. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಗುರುತಿಸಲು ಕೊಡುತ್ತಿದ್ದ ಕಲ್ಲುಗಳಲ್ಲಿ ಎಣ್ಣೆ ಸವರಿದಂತೆ ಕಾಣುವ, ಹಸಿರು ಛಾಯೆಯ ಒಂದು ಕಪ್ಪು ಕಲ್ಲು ಇರುತ್ತಿತ್ತು. ಅದರ ಹೆಸರು ಚಾರ್ನೋಕೈಟ್. ಆ ಕಲ್ಲಿಗೂ ಕೋಲ್ಕತ್ತಾಕ್ಕೂ ಏನು ನಂಟು ಎಂದು ಹುಡುಕುತ್ತಾ ಹೋದೆ. ಊರು ಕಟ್ಟಿದವನು ಎಂದು ನಾವು ಟಿಕ್ ಹಾಕುವ ಈ ಮನುಷ್ಯ ಸಾಯುವಾಗ, ಅವನು ಕಟ್ಟಿಸಿದ್ದು ಅಂತ ಅಲ್ಲಿ ಇದ್ದದ್ದು ಕೆಲವು ಹುಲ್ಲಿನ ಮನೆಗಳು ಮಾತ್ರ ಎಂದು ಆಗ ತಿಳಿಯಿತು. ಹಾಗಾದರೆ ಆ ಊರನ್ನು ಕಟ್ಟಿದ್ದು ಯಾರು? ಅದಕ್ಕೆ ಉತ್ತರ ಬೇಕಾದರೆ ಮೊದಲು ಅವನ ಬದುಕನ್ನು ನೋಡಬೇಕು.

ಇಪ್ಪತ್ತು ಪೌಂಡಿನ ನೌಕರ

ಚಾರ್ನಾಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1630ರ ಆಸುಪಾಸಿನಲ್ಲಿ. 1650ರ ದಶಕದ ನಡುವಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಬಂಗಾಳಕ್ಕೆ ಬಂದ. 1658ರಲ್ಲಿ ಕಾಸಿಂಬಜಾರ್ ಕೋಠಿಯ ನೌಕರರ ಪಟ್ಟಿಯಲ್ಲಿ ಅವನದು ನಾಲ್ಕನೇ ಹೆಸರು. ಸಂಬಳ ವರ್ಷಕ್ಕೆ 20 ಪೌಂಡ್. ಕೋಠಿ ಎಂದರೆ ಗೋದಾಮು, ಲೆಕ್ಕದ ಕೋಣೆ, ನೌಕರರ ವಸತಿ ಎಲ್ಲವೂ ಒಂದೇ ಆವರಣದಲ್ಲಿದ್ದ ವ್ಯಾಪಾರದ ಮನೆ. ಆಗ ಬಂಗಾಳದಲ್ಲಿ ಕಂಪನಿಗೆ ಅಂಗೈಯಗಲ ನೆಲದ ಮೇಲೂ ಅಧಿಕಾರ ಇರಲಿಲ್ಲ. ಮೊಘಲ್ ಚಕ್ರವರ್ತಿಯ ಸುಬೇದಾರ ಆಳುತ್ತಿದ್ದ ನಾಡಿನಲ್ಲಿ ರೇಷ್ಮೆ, ಹತ್ತಿಬಟ್ಟೆ ಕೊಂಡು ಹಡಗಿಗೆ ಹಾಕುವ ವಿದೇಶಿ ವರ್ತಕರ ಗುಂಪುಗಳಲ್ಲಿ ಇಂಗ್ಲಿಷರದೂ ಒಂದು. ಡಚ್ಚರು ಅವರಿಗಿಂತ ಮುಂದಿದ್ದರು.

ಒಪ್ಪಂದದ ಅವಧಿ ಮುಗಿದಾಗ ಚಾರ್ನಾಕ್ ತಾಯ್ನಾಡಿಗೆ ಹೊರಡುವ ಮಾತಾಡಿದ. ಪಾಟ್ನಾ ಕೋಠಿಯ ಮುಖ್ಯಸ್ಥನನ್ನಾಗಿ ಮಾಡಿದರೆ ಮಾತ್ರ ಉಳಿಯುತ್ತೇನೆ ಎಂದು ಷರತ್ತು ಹಾಕಿದ. 1664ರಲ್ಲಿ ಆ ಹುದ್ದೆ ಸಿಕ್ಕಿತು. ಮುಂದಿನ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕಳೆದ.

ಪಾಟ್ನಾದ ಮುಖ್ಯ ಸರಕು ಪೆಟ್ಲುಪ್ಪು. ಬಿಹಾರದ ನೋನಿಯಾ ಸಮುದಾಯದವರು ಉಪ್ಪುಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಕುದಿಸಿ ಅದರಿಂದ ಬಿಳಿ ಹರಳು ತೆಗೆಯುತ್ತಿದ್ದರು. ಅದಕ್ಕೆ ಗಂಧಕ, ಇದ್ದಿಲು ಸೇರಿದರೆ ಕೋವಿಮದ್ದು. ಯೂರೋಪಿನಲ್ಲಿ ಒಂದಲ್ಲ ಒಂದು ಯುದ್ಧ ನಡೆಯುತ್ತಲೇ ಇದ್ದ ಕಾಲ ಅದು. ಹೀಗಾಗಿ ಎಷ್ಟು ಕಳಿಸಿದರೂ ಸಾಲದು. ಹರಳು ತುಂಬಿದ ದೋಣಿಗಳು ಗಂಗೆಯ ಮೇಲೆ ಇಳಿದು ಹೂಗ್ಲಿಗೆ ಹೋಗುತ್ತಿದ್ದವು, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ. ಈ ಸರಕು ತಪ್ಪದೆ ತಲುಪುವಂತೆ ನೋಡಿಕೊಂಡದ್ದಕ್ಕೆ ಲಂಡನ್ನಿನ ನಿರ್ದೇಶಕರಿಗೆ ಚಾರ್ನಾಕ್‌ನ ಮೇಲೆ ವಿಶ್ವಾಸ ಬೆಳೆಯಿತು.

ಅವನ ಬದುಕಿಗೆ ಒಬ್ಬ ಹಿಂದೂ ಹೆಣ್ಣುಮಗಳು ಬಂದದ್ದೂ ಈ ವರ್ಷಗಳಲ್ಲೇ. ಗಂಡನ ಚಿತೆ ಏರಲು ಹೊರಟಿದ್ದವಳನ್ನು ಕಂಡು ಮನಸೋತು, ಸೈನಿಕರ ಬಲದಿಂದ ಬಿಡಿಸಿಕೊಂಡು ಬಂದ ಎಂಬ ಕಥೆಯನ್ನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ ಬರೆದಿಟ್ಟಿದ್ದಾನೆ. ಅದು ಅಚ್ಚಾಗುವ ಹೊತ್ತಿಗೆ ಚಾರ್ನಾಕ್ ಸತ್ತು ಮೂವತ್ತು ವರ್ಷ ದಾಟಿತ್ತು, ಹಾಗಾಗಿ ಕಥೆಯನ್ನು ಕಥೆಯಂತೆಯೇ ಕೇಳಬೇಕು. ಆಕೆಯೊಂದಿಗೆ ಅವನು ಹಲವು ವರ್ಷ ಸಂಸಾರ ಮಾಡಿದ್ದು, ಮೇರಿ, ಎಲಿಜಬೆತ್, ಕ್ಯಾಥರಿನ್ ಎಂಬ ಮೂವರು ಹೆಣ್ಣುಮಕ್ಕಳಾದದ್ದು ಮಾತ್ರ ನಿಜ. ಆಕೆ ತೀರಿಕೊಂಡ ಮೇಲೆ ಪ್ರತಿ ವರ್ಷ ಆ ದಿನ ಸಮಾಧಿಯ ಬಳಿ ಒಂದು ಹುಂಜ ಬಲಿ ಕೊಡುತ್ತಿದ್ದ ಎಂದೂ ಅದೇ ಕಪ್ತಾನ ಬರೆದಿದ್ದಾನೆ.

ತಪ್ಪಿದ ಬಡ್ತಿ

ಬಂಗಾಳದಲ್ಲಿ ಕಂಪನಿಯ ಎಲ್ಲ ಕೋಠಿಗಳಿಗೂ ಮೇಲಧಿಕಾರಿಯಾದವನನ್ನು ಏಜೆಂಟ್ ಎನ್ನುತ್ತಿದ್ದರು. 1680ರ ದಶಕ ಶುರುವಾಗುವ ಹೊತ್ತಿಗೆ ಚಾರ್ನಾಕ್ ಕಾಸಿಂಬಜಾರಿಗೆ ಮುಖ್ಯಸ್ಥನಾಗಿ ವಾಪಸಾಗಿದ್ದ. ಕಾಲು ಶತಮಾನದ ಸರ್ವಿಸ್ ಆಗಿತ್ತು. ಮುಂದಿನ ಮೆಟ್ಟಿಲು ಏಜೆಂಟ್ ಹುದ್ದೆ. 1682ರಲ್ಲಿ ವಿಲಿಯಂ ಹೆಜಸ್ ಎಂಬುವನು ಲಂಡನ್ನಿನಿಂದ ನೇರ ನೇಮಕಾತಿಯಲ್ಲಿ ಬಂದು ಆ ಕುರ್ಚಿಯಲ್ಲಿ ಕೂತ. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಹೆಜಸ್ ತನ್ನ ದಿನಚರಿಯಲ್ಲಿ ಚಾರ್ನಾಕ್‌ನ ಮೇಲಿನ ದೂರುಗಳನ್ನು ಬರೆದಿಟ್ಟ. ಎರಡು ವರ್ಷದಲ್ಲಿ ಹೆಜಸ್‌ನನ್ನು ಕಂಪನಿ ತೆಗೆದುಹಾಕಿತು. ಆಗಲೂ ಹುದ್ದೆ ಹೋದದ್ದು ಜಾನ್ ಬಿಯರ್ಡ್ ಎಂಬುವನಿಗೆ. 1685ರಲ್ಲಿ ಬಿಯರ್ಡ್ ಸತ್ತ ಮೇಲಷ್ಟೇ ಚಾರ್ನಾಕ್‌ನ ಸರದಿ ಬಂತು. ಆಗ ಅವನಿಗೆ ಐವತ್ತೈದರ ಆಸುಪಾಸು. ನಮ್ಮಲ್ಲಾಗಿದ್ದರೆ ಪೆನ್ಷನ್ ಪೇಪರ್ ಹೊಂದಿಸಿಕೊಳ್ಳುವ ವಯಸ್ಸು.

ಸರದಿ ಬಂದರೂ ಹುದ್ದೆಗೆ ಹಾಜರಾಗಲು ಆಗಲಿಲ್ಲ. ಕಾಸಿಂಬಜಾರಿನಲ್ಲಿ ಕೋಠಿಗೆ ಸರಕು ಒದಗಿಸುತ್ತಿದ್ದ ಸ್ಥಳೀಯ ವರ್ತಕರು ಮತ್ತು ನೇಕಾರರು ತಮಗೆ ಬರಬೇಕಾದ ಹಣ ಬಂದಿಲ್ಲ ಎಂದು ಅವನ ಮೇಲೂ ಅವನ ಸಹೋದ್ಯೋಗಿಗಳ ಮೇಲೂ ದಾವೆ ಹೂಡಿದ್ದರು. ಸುಮಾರು 43 ಸಾವಿರ ರೂಪಾಯಿಯ ದಾವೆ. ಕಾಜಿಯ ತೀರ್ಪು ವರ್ತಕರ ಪರವಾಗಿ ಬಂತು. ಢಾಕಾದಲ್ಲಿದ್ದ ಸುಬೇದಾರ ಶಾಯಿಸ್ತಾ ಖಾನನೂ ಅದನ್ನೇ ಎತ್ತಿಹಿಡಿದ. ಚಾರ್ನಾಕ್ ಹಣ ಕಟ್ಟಲಿಲ್ಲ. ಮೊಘಲ್ ಸೈನಿಕರು ಬಂದು ಕೋಠಿಯ ಸುತ್ತ ಕಾವಲು ಕೂತರು. 1686ರ ಏಪ್ರಿಲ್‌ನಲ್ಲಿ ಅವನು ಹೇಗೋ ಕಣ್ತಪ್ಪಿಸಿ ಹೂಗ್ಲಿ ಸೇರಿ ಅಧಿಕಾರ ವಹಿಸಿಕೊಂಡ.

ಕಂಪನಿಯ ಕಡೆಯಿಂದ ನೋಡಿದರೆ ಇದು ಸಾಹಸ. ನ್ಯಾಯಸ್ಥಾನಕ್ಕೆ ಹೋಗಿ ಗೆದ್ದೂ ಕೈಗೆ ಕಾಸು ಸಿಗದ ನೇಕಾರನ ಕಡೆಯಿಂದ ನೋಡಿದರೆ ಅವನು ಬಾಕಿ ಉಳಿಸಿ ರಾತ್ರೋರಾತ್ರಿ ಪರಾರಿಯಾದ ಸಾಹೇಬ. ಅವನ ಬಗ್ಗೆ ಓದುವಾಗ ಈ ನೇಕಾರ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಮೊದಲ ಸಲ, ಎರಡನೇ ಸಲ

ಇದೇ ಹೊತ್ತಿಗೆ ಲಂಡನ್ನಿನಲ್ಲಿ ಕಂಪನಿಯನ್ನು ನಡೆಸುತ್ತಿದ್ದ ಸರ್ ಜೊಸಾಯ ಚೈಲ್ಡ್‌ಗೆ ಮೊಘಲರೊಂದಿಗಿನ ಸುಂಕದ ಜಗಳ ಸಾಕಾಗಿತ್ತು. ಬಂಗಾಳದಲ್ಲಿ ಕೋಟೆ ಇರುವ ಸ್ವಂತ ನೆಲೆ ಬೇಕು, ಕೇಳಿದರೆ ಕೊಡದಿದ್ದರೆ ಕಸಿದುಕೊಳ್ಳಬೇಕು ಎಂದು ತೀರ್ಮಾನಿಸಿ ಹಡಗುಗಳನ್ನೂ ಸೈನಿಕರನ್ನೂ ಕಳಿಸಿದ. ಎದುರಿಗಿದ್ದವನು ಔರಂಗಜೇಬ. ನಮ್ಮ ಬಿಜಾಪುರದ ಆದಿಲಶಾಹಿಯನ್ನು ಅವನು ಮುಗಿಸಿದ್ದು ಇದೇ 1686ರಲ್ಲಿ. ಅಂಥ ಸಾಮ್ರಾಜ್ಯದ ಮೇಲೆ ಕೆಲವು ನೂರು ಸೈನಿಕರನ್ನು ಕಟ್ಟಿಕೊಂಡು ಒಂದು ವ್ಯಾಪಾರದ ಕಂಪನಿ ಯುದ್ಧಕ್ಕೆ ಹೊರಟಿತ್ತು. ಅದನ್ನು ನೆಲದ ಮೇಲೆ ನಡೆಸಬೇಕಾದವನು ಪೆಟ್ಲುಪ್ಪಿನ ಲೆಕ್ಕ ಬರೆದುಕೊಂಡಿದ್ದ ಚಾರ್ನಾಕ್.

ಅಕ್ಟೋಬರ್ 28ರಂದು ಹೂಗ್ಲಿಯ ಬಜಾರಿಗೆ ಹೋದ ಮೂವರು ಇಂಗ್ಲಿಷ್ ಸೈನಿಕರಿಗೂ ಮೊಘಲ್ ಫೌಜುದಾರನ ಆಳುಗಳಿಗೂ ಜಗಳ ಹತ್ತಿತು. ಸಂಜೆಯೊಳಗೆ ಅದು ಕದನವೇ ಆಯಿತು. ಊರಿಗೆ ಬೆಂಕಿ ಬಿದ್ದು ನೂರಾರು ಮನೆಗಳು ಸುಟ್ಟವು, ಕಂಪನಿಯ ಗೋದಾಮೂ ಉಳಿಯಲಿಲ್ಲ. ಇನ್ನು ಅಲ್ಲಿ ಇರಲಾಗದು ಎಂದು ಚಾರ್ನಾಕ್ ತನ್ನವರನ್ನು ಕರೆದುಕೊಂಡು ನದಿಯ ಮೇಲೆ ಕೆಳಕ್ಕೆ ಬಂದು, ಡಿಸೆಂಬರ್‌ನಲ್ಲಿ ಪೂರ್ವದ ದಡದ ಸುತಾನುಟಿ ಎಂಬ ಹಳ್ಳಿಯಲ್ಲಿ ಇಳಿದ. ಇದು ಮೊದಲ ಸಲ.

ಸುತಾನುಟಿ ಬರೀ ಕಾಡಾಗಿರಲಿಲ್ಲ. ಬಂಗಾಳಿಯಲ್ಲಿ ಸುತಾ ಎಂದರೆ ನೂಲು, ನುಟಿ ಎಂದರೆ ಅದರ ಲಡಿ. ಹೆಸರೇ ಹೇಳುವಂತೆ ಅದು ನೂಲಿನ ಸಂತೆ ಸೇರುವ ಜಾಗ. ಅದರ ದಕ್ಷಿಣಕ್ಕೆ ಕಲಿಕಾತಾ, ಆಮೇಲೆ ಗೋವಿಂದಪುರ, ಇನ್ನೂ ಮುಂದೆ ಕಾಳಿಘಾಟಿನ ಗುಡಿ. ಸರಸ್ವತಿ ನದಿಯಲ್ಲಿ ಹೂಳು ತುಂಬಿ ಹಳೆಯ ಸಾತ್‌ಗಾಂವ್ ಬಂದರು ಕೆಟ್ಟಾಗ, ಅಲ್ಲಿದ್ದ ಸೇಠ ಮತ್ತು ಬಸಾಕ ಮನೆತನಗಳ ಬಟ್ಟೆ ವರ್ತಕರು ಈ ಕಡೆ ಬಂದು ನೆಲೆಸಿದ್ದರು. ಅಕ್ಬರನ ಕಾಲದ ಐನ್-ಇ-ಅಕ್ಬರಿಯ ಕಂದಾಯದ ಪಟ್ಟಿಯಲ್ಲೇ ಕಲಿಕಾತಾ ಹೆಸರು ಬರುತ್ತದೆ.

ಚಾರ್ನಾಕ್‌ನ ಕಣ್ಣಿಗೆ ಬಿದ್ದದ್ದು ಆ ಜಾಗದ ಬೇರೆ ಗುಣಗಳು. ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದ್ದರೂ ಪೂರ್ವದ ದಡದಲ್ಲಿ ನೀರು ಆಳವಾಗಿತ್ತು, ದೊಡ್ಡ ಹಡಗುಗಳು ದಡದ ಹತ್ತಿರವೇ ಲಂಗರು ಹಾಕಬಹುದಿತ್ತು. ಪಶ್ಚಿಮದಿಂದ ಬರುವ ಸೇನೆ ನದಿ ದಾಟಬೇಕು. ಪೂರ್ವಕ್ಕೆ ಉಪ್ಪುನೀರಿನ ಜೌಗು, ಆ ಕಡೆಯಿಂದ ಯಾರೂ ಸುಲಭಕ್ಕೆ ಬರಲಾರರು. ಕೊಳ್ಳಬೇಕಾದ ಸರಕು ಪಕ್ಕದ ಸಂತೆಯಲ್ಲೇ ಇದೆ. ವಾಸಕ್ಕೆ ಮಾತ್ರ ಕೆಟ್ಟ ಜಾಗ, ಸೊಳ್ಳೆ ಮತ್ತು ಜ್ವರದ ತವರು.

ಆ ಸಲ ಅಲ್ಲಿ ನಿಲ್ಲಲಾಗಲಿಲ್ಲ. 1687ರ ಫೆಬ್ರವರಿಯಲ್ಲಿ ಮೊಘಲ್ ಸೇನೆ ಬೆನ್ನು ಹತ್ತಿದಾಗ ನದೀಮುಖದ ಹಿಜ್ಲಿ ಎಂಬ ನಡುಗಡ್ಡೆಗೆ ಓಡಿದರು. ಮೂರು ತಿಂಗಳು ಮುತ್ತಿಗೆ. ಗುಂಡಿಗಿಂತ ಜ್ವರಕ್ಕೆ ಸತ್ತವರೇ ಹೆಚ್ಚು. ಸುಮಾರು ಇನ್ನೂರು ಜನರನ್ನು ಅಲ್ಲೇ ಮಣ್ಣು ಮಾಡಿದರು. ಉಳಿದ ನೂರರಷ್ಟು ಮಂದಿಯೂ ನಿತ್ರಾಣರು. ಆಗ ಸಹಾಯಕ್ಕೆ ಬಂದ ಎಪ್ಪತ್ತು ಜನರನ್ನು ಚಾರ್ನಾಕ್ ಬಾವುಟ ಹಿಡಿಸಿ, ತಮಟೆ ಬಡಿಸಿ ಕೋಟೆಯೊಳಗೆ ಕರೆತಂದ. ಮತ್ತೆ ಗುಟ್ಟಾಗಿ ಅವರನ್ನು ಒಬ್ಬೊಬ್ಬರಾಗಿ ದಡಕ್ಕೆ ಕಳಿಸಿ, ಮತ್ತೆ ಮೆರವಣಿಗೆಯಲ್ಲಿ ಬರಮಾಡಿಕೊಂಡ. ದಿನವೂ ಹೊಸ ಪಡೆ ಬರುತ್ತಿದೆ ಎಂದು ಎದುರಾಳಿ ನಂಬಿ ಸಂಧಿಗೆ ಒಪ್ಪಿದ. ಅವನ ಬುದ್ಧಿ ಎಂಥದ್ದು ಎಂಬುದಕ್ಕೆ ಇದೊಂದು ಸಾಕು.

ಅದೇ ವರ್ಷದ ಕೊನೆಯಲ್ಲಿ ಸುತಾನುಟಿಗೆ ಎರಡನೇ ಸಲ ಬಂದ. ಈ ಸಲ ಸುಮಾರು ಒಂದು ವರ್ಷ ಇದ್ದ. ಗುಡಿಸಲುಗಳು ಎದ್ದವು. ಅಲ್ಲೇ ನೆಲೆಸಲು ಅನುಮತಿ ಕೇಳಿ ಢಾಕಾಕ್ಕೆ ಇಬ್ಬರನ್ನು ಕಳಿಸಿದ. ಅಷ್ಟರಲ್ಲಿ ಲಂಡನ್ನಿನಿಂದ ಕ್ಯಾಪ್ಟನ್ ವಿಲಿಯಂ ಹೀತ್ ಎಂಬುವನು ಹೊಸ ಆದೇಶ ಹಿಡಿದು ಬಂದ. ಬಂಗಾಳ ಬಿಟ್ಟು ಎಲ್ಲರೂ ಹಡಗು ಹತ್ತಬೇಕು, ಚಿತ್ತಗಾಂಗ್ ಗೆಲ್ಲಬೇಕು ಎಂದ. 1688ರ ನವೆಂಬರ್‌ನಲ್ಲಿ ಚಾರ್ನಾಕ್ ಕಟ್ಟಿದ್ದನ್ನೆಲ್ಲ ಬಿಟ್ಟು ಹೊರಟ. ಹೀತ್ ದಾರಿಯಲ್ಲಿ ಬಾಲಸೋರ್ ಪಟ್ಟಣವನ್ನು ಲೂಟಿ ಮಾಡಿದ, ಚಿತ್ತಗಾಂಗ್ ನೋಡಿ ಇದು ಆಗದ ಮಾತು ಎಂದು ತಿರುಗಿದ, 1689ರ ಆರಂಭದಲ್ಲಿ ಎಲ್ಲರನ್ನೂ ಮದ್ರಾಸಿನಲ್ಲಿ ಇಳಿಸಿದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ ವ್ಯಾಪಾರ ಸೊನ್ನೆಗೆ ಬಂತು.

ಮದ್ರಾಸಿನಲ್ಲಿ ಅವನು ಕೆಲಸವಿಲ್ಲದೆ ಕಾದದ್ದು ಒಂದು ವರ್ಷಕ್ಕೂ ಮೇಲೆ. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಮೂವರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದು ಈ ಅವಧಿಯಲ್ಲಿ.

ಮೂರನೇ ಸಲ

ಯುದ್ಧ ಗೆದ್ದು ಬಂಗಾಳಕ್ಕೆ ಮರಳಿದರು ಎಂದುಕೊಂಡರೆ ಅದು ಸುಳ್ಳು. ಪಶ್ಚಿಮ ಕರಾವಳಿಯಲ್ಲಿ ಮೊಘಲರ ಪರ ಸಿದ್ದಿಗಳ ನೌಕಾಪಡೆ ಬೊಂಬಾಯಿಯನ್ನು ಮುತ್ತಿ ಕಂಪನಿಯ ಸೊಕ್ಕು ಇಳಿಸಿತ್ತು. ಕಂಪನಿ ಕ್ಷಮೆ ಕೇಳಿತು. 1690ರಲ್ಲಿ ಒಂದೂವರೆ ಲಕ್ಷ ರೂಪಾಯಿ ದಂಡ ಹಾಕಿ ಔರಂಗಜೇಬ ಮತ್ತೆ ವ್ಯಾಪಾರಕ್ಕೆ ಅನುಮತಿ ಕೊಟ್ಟ. ವ್ಯಾಪಾರ ನಿಂತರೆ ಖಜಾನೆಗೂ ನಷ್ಟ ಎಂದು ಅವನಿಗೆ ಗೊತ್ತಿತ್ತು. ಬಂಗಾಳದ ಹೊಸ ಸುಬೇದಾರ ಇಬ್ರಾಹಿಂ ಖಾನ್ ಚಾರ್ನಾಕ್‌ನನ್ನು ಕರೆಸಿಕೊಂಡ.

ಹೀಗೆ 1690ರ ಆಗಸ್ಟ್ 24ರಂದು, ಸುರಿಯುವ ಮಳೆಯಲ್ಲಿ, ಸುಮಾರು ಮೂವತ್ತು ಸೈನಿಕರೊಂದಿಗೆ ಅವನು ಸುತಾನುಟಿಯ ದಡದಲ್ಲಿ ಮೂರನೇ ಸಲ ಇಳಿದ. ಹಿಂದೆ ಕಟ್ಟಿದ್ದ ಗುಡಿಸಲುಗಳು ಇರಲಿಲ್ಲ. ಹಗಲು ರಾತ್ರಿ ಮಳೆ. ದೋಣಿಗಳಲ್ಲೇ ಮಲಗಬೇಕಾಯಿತು. ನಾವು ಬಾಯಿಪಾಠ ಮಾಡುವ ತಾರೀಖು ಇದೇ. ಆ ದಿನ ಅಲ್ಲಿದ್ದವರಿಗೆ ಅದು ಮಹಾನಗರದ ಹುಟ್ಟುಹಬ್ಬದಂತೆ ಕಂಡಿರಲಾರದು.

ಮುಂದಿನ ವರ್ಷ ವಾರ್ಷಿಕ 3,000 ರೂಪಾಯಿ ಕಟ್ಟಿದರೆ ಬೇರೆ ಸುಂಕವಿಲ್ಲ ಎಂಬ ಫರ್ಮಾನು ಬಂತು. ಕೋಟೆಗೆ ಒಪ್ಪಿಗೆ ಬರಲಿಲ್ಲ, ಹಳ್ಳಿಗಳೂ ಕಂಪನಿಯ ಕೈಗೆ ಬರಲಿಲ್ಲ. ಒಂದು ದೊಡ್ಡ ಮರದ ನೆರಳಲ್ಲಿ ಹುಕ್ಕಾ ಸೇದುತ್ತಾ ವರ್ತಕರೊಂದಿಗೆ ಮಾತಿಗೆ ಕೂರುತ್ತಿದ್ದ, ಇಂದಿನ ಬೈಠಕ್‌ಖಾನಾ ಎಂಬ ಹೆಸರು ಅದರಿಂದಲೇ ಬಂತು ಎಂದು ಜನ ಹೇಳುತ್ತಾರೆ. ಅದೇ ಮನುಷ್ಯ ಸಿಟ್ಟು ಬಂದರೆ ಆಳುಗಳನ್ನು ಚಾಟಿಯಲ್ಲಿ ಹೊಡೆಸುತ್ತಿದ್ದ ಎಂಬ ಮಾತೂ ಉಳಿದಿದೆ. ಜಾಗ ಹಿಡಿದ ಎರಡೂವರೆ ವರ್ಷಕ್ಕೇ ಸತ್ತ. ಸಮಾಧಿಯ ಮೇಲೆ 1692ರ ಜನವರಿ 10 ಎಂದಿದೆ. ಆಗಿನ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಆದ್ದರಿಂದ ನಮ್ಮ ಲೆಕ್ಕಕ್ಕೆ ಅದು 1693. ಅದೇ ವರ್ಷ ತಪಾಸಣೆಗೆ ಬಂದ ಸರ್ ಜಾನ್ ಗೋಲ್ಡ್ಸ್‌ಬರೋ ಕಂಡದ್ದು ಯಾವ ನಕ್ಷೆಯೂ ಇಲ್ಲದೆ ಎಲ್ಲೆಂದರಲ್ಲಿ ಎದ್ದ ಮನೆಗಳನ್ನು, ಮನಬಂದಲ್ಲಿ ತೋಡಿದ ಹೊಂಡಗಳನ್ನು.

ಅವನ ಅಳಿಯ, ಮೇರಿಯ ಗಂಡ ಚಾರ್ಲ್ಸ್ ಐರ್ ಮಾವನ ಸಮಾಧಿಯ ಮೇಲೆ ಎಂಟು ಮೂಲೆಯ ಗೋಪುರ ಕಟ್ಟಿಸಿದ. ಕೋಲ್ಕತ್ತಾದ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿ ಅದು ಈಗಲೂ ಇದೆ. ಅಲ್ಲಿನ ಕಲ್ಲುಗಳ ಮೇಲೆ ಅವನ ಹೆಸರಿದೆ, ಹೆಣ್ಣುಮಕ್ಕಳ ಹೆಸರಿದೆ. ಅವರನ್ನು ಹೆತ್ತವಳ ಹೆಸರಿಲ್ಲ.

ಊರು ರಾಜಧಾನಿಯಾದದ್ದು

ಆಮೇಲಿನದು ಬೇರೆಯವರ ಕೆಲಸ. 1696ರಲ್ಲಿ ಶೋಭಾ ಸಿಂಗ್ ಎಂಬ ಜಮೀನ್ದಾರ ದಂಗೆ ಎದ್ದಾಗ ಆತ್ಮರಕ್ಷಣೆಯ ನೆಪದಲ್ಲಿ ಇಂಗ್ಲಿಷರು ಗೋಡೆ ಎಬ್ಬಿಸಿದರು. ಅದೇ ಮುಂದೆ ಫೋರ್ಟ್ ವಿಲಿಯಂ ಆಯಿತು. 1698ರ ನವೆಂಬರ್‌ನಲ್ಲಿ ಸಾವರ್ಣ ರಾಯ್ ಚೌಧುರಿ ಮನೆತನದಿಂದ ಸುತಾನುಟಿ, ಕಲಿಕಾತಾ, ಗೋವಿಂದಪುರ ಮೂರೂ ಹಳ್ಳಿಗಳ ಹಕ್ಕನ್ನು 1,300 ರೂಪಾಯಿಗೆ ಪಡೆದರು. ಆ ಪತ್ರ ಆಗಿದ್ದು ಚಾರ್ಲ್ಸ್ ಐರ್‌ನ ಕಾಲದಲ್ಲಿ. ನೇಕಾರರು, ದಲ್ಲಾಳಿಗಳು, ದೋಣಿಯವರು ಬಂದು ಸೇರಿದರು. 1756ರಲ್ಲಿ ನವಾಬ ಸಿರಾಜುದ್ದೌಲ ಊರನ್ನು ಗೆದ್ದುಕೊಂಡ, ಮರುವರ್ಷ ಪ್ಲಾಸಿಯಲ್ಲಿ ಸೋತ. 1765ರಲ್ಲಿ ಬಂಗಾಳದ ಕಂದಾಯ ಎತ್ತುವ ಹಕ್ಕು ಕಂಪನಿಗೆ ಬಂತು. ಐದೇ ವರ್ಷದಲ್ಲಿ ಭೀಕರ ಬರ. ಬಂಗಾಳದ ಮೂರನೇ ಒಂದು ಭಾಗ ಜನ ಸತ್ತರೆಂದು ಕಂಪನಿಯವರೇ ಅಂದಾಜು ಮಾಡಿದರು. ಅದಾಗಿ ಎರಡು ವರ್ಷಕ್ಕೆ, 1772ರಲ್ಲಿ, ವಾರನ್ ಹೇಸ್ಟಿಂಗ್ಸ್ ಮುರ್ಷಿದಾಬಾದಿನಿಂದ ಖಜಾನೆಯನ್ನು ಕೋಲ್ಕತ್ತಾಕ್ಕೆ ತಂದ. ಒಂದು ಕಾಲದ ನೂಲಿನ ಸಂತೆ ಬ್ರಿಟಿಷ್ ಭಾರತದ ರಾಜಧಾನಿಯಾಗಿ, 1911ರಲ್ಲಿ ದಿಲ್ಲಿಗೆ ಆ ಪಟ್ಟ ಬದಲಾಗುವವರೆಗೂ ಉಳಿಯಿತು.

ಹಾಗಾದರೆ ಸ್ಥಾಪಕ ಯಾರು? ಈ ಪ್ರಶ್ನೆ ಕೋರ್ಟಿಗೂ ಹೋಗಿತ್ತು. ಮೂರು ಹಳ್ಳಿಗಳ ಹಕ್ಕು ಬರೆದುಕೊಟ್ಟ ಅದೇ ರಾಯ್ ಚೌಧುರಿ ಮನೆತನದ ವಂಶಸ್ಥರ ಪರಿಷತ್ತು ಕಲ್ಕತ್ತಾ ಹೈಕೋರ್ಟಿನಲ್ಲಿ ಅರ್ಜಿ ಹಾಕಿತು. ಇತಿಹಾಸಕಾರರ ಸಮಿತಿಯ ವರದಿ ತರಿಸಿಕೊಂಡ ಕೋರ್ಟು 2003ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಜಾಬ್ ಚಾರ್ನಾಕ್ ಕೋಲ್ಕತ್ತಾದ ಸ್ಥಾಪಕನಲ್ಲ, ಆಗಸ್ಟ್ 24 ಆ ನಗರದ ಹುಟ್ಟಿದ ದಿನವೂ ಅಲ್ಲ. ಇಪ್ಪತ್ತು ವರ್ಷ ದಾಟಿದರೂ ನಮ್ಮ ಗೈಡುಗಳಲ್ಲಿ ಹಳೆಯ ಉತ್ತರವೇ ಅಚ್ಚಾಗುತ್ತಿದೆ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟಾಗ ಅದಕ್ಕೇ ಟಿಕ್ ಹಾಕಬೇಕಾಗಿ ಬರಬಹುದು, ಆದರೆ ಸಂದರ್ಶನದ ಕೋಣೆಯಲ್ಲಿ ಕೇಳಿದರೆ ಹೇಳಲು ನಿಮ್ಮ ಬಳಿ ಈ ತೀರ್ಪೂ ಇರಲಿ. ನನ್ನನ್ನು ಕೇಳಿದರೆ, ಆ ನದಿಯ ಆಳ, ನೂಲಿನ ಸಂತೆ, ಸೇಠ ಬಸಾಕರ ಗಂಟು, ಹೆಸರಿಲ್ಲದ ನೇಕಾರರ ಕೈ, ಇವೆಲ್ಲ ಸೇರಿ ಊರು ಕಟ್ಟಿದವು. ಚಾರ್ನಾಕ್ ಅದನ್ನು ಕಂಪನಿಯ ಲೆಕ್ಕಕ್ಕೆ ಬರೆದುಕೊಂಡ.

ಆದರೂ ಅವನನ್ನು ನಾನು ಪಟ್ಟಿಯಿಂದ ಹೊಡೆದುಹಾಕಲಾರೆ. ಎರಡು ಸಲ ಬಡ್ತಿ ತಪ್ಪಿ, ಎರಡು ಸಲ ಜಾಗ ಬಿಟ್ಟೋಡಿ, ಅರವತ್ತರ ವಯಸ್ಸಿನಲ್ಲಿ ಮಳೆಯಲ್ಲಿ ಅದೇ ದಡಕ್ಕೆ ಬಂದ ಮನುಷ್ಯನ ಹಟ ನಮಗೆ ಅರ್ಥವಾಗುವಂಥದ್ದೇ. ಮೂರನೇ ಪ್ರಯತ್ನ, ನಾಲ್ಕನೇ ಪ್ರಯತ್ನ ಎಂದು ಎಣಿಸುತ್ತಾ ಕೂತವರಲ್ಲವೇ ನಾವು? ಅವನ ಹಟವನ್ನು ಮೆಚ್ಚುವಾಗ ಅದು ಯಾರ ಲಾಭಕ್ಕೆ ದುಡಿಯಿತು, ಅದರ ಬೆಲೆಯನ್ನು ಯಾರು ಕಟ್ಟಿದರು ಎಂಬುದನ್ನೂ ಕೇಳಬೇಕು. ನಾವು ಹಟ ಹಿಡಿದು ಸೇರಬಯಸುವ ಕುರ್ಚಿಗಳ ಎದುರಿಗೂ ನಾಳೆ ಬಾಕಿ ಕೇಳಲು ಒಬ್ಬ ನೇಕಾರ ಬಂದು ನಿಲ್ಲುತ್ತಾನೆ. ಆ ದಿನ ಅವನ ಅರ್ಜಿಯನ್ನು ಏನು ಮಾಡುತ್ತೇವೆ ಎಂಬುದು ಎಷ್ಟನೇ ಪ್ರಯತ್ನದಲ್ಲಿ ಪಾಸಾದೆವು ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಇನ್ನು ಕಲ್ಲಿನ ವಿಷಯ. ಚಾರ್ನಾಕ್‌ನ ಸಮಾಧಿಗೆ ಕಲ್ಲು ಬಂದದ್ದು ಮದ್ರಾಸಿನ ಹತ್ತಿರದ ಪಲ್ಲಾವರದಿಂದ. 1890ರ ದಶಕದಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಅದೇ ಜಾತಿಯ ಕಲ್ಲಿಗೆ ಹೆಸರಿಡುವಾಗ ಈ ಸಮಾಧಿಯನ್ನು ನೆನೆದು ಚಾರ್ನೋಕೈಟ್ ಎಂದ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಆ ಕಲ್ಲಿದೆ. ನಮ್ಮೂರ ಕಡೆಯ ಕನಕಪುರದ ಕಬ್ಬಾಳಿನಲ್ಲಿ ಅದು ಇನ್ನೂ ವಿಶೇಷ. ಅಲ್ಲಿ ಒಂದೇ ಬಂಡೆಯಲ್ಲಿ ಅರ್ಧ ಬೂದು ಬಣ್ಣದ ಹಳೆಯ ನೈಸ್ ಕಲ್ಲು, ಅರ್ಧ ಕಪ್ಪು ಚಾರ್ನೋಕೈಟ್. ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯ ಆಳದ ಶಾಖದಲ್ಲಿ ಒಂದು ಇನ್ನೊಂದಾಗುತ್ತಿದ್ದದ್ದು ಹಾಗೇ ನಿಂತುಬಿಟ್ಟಿದೆ. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಈಗಲೂ ಹೊರದೇಶದ ವಿಜ್ಞಾನಿಗಳು ಹುಡುಕಿಕೊಂಡು ಬರುತ್ತಾರೆ. ಕಬ್ಬಾಳಮ್ಮನ ದರ್ಶನಕ್ಕೆ ಹೋದಾಗ ಹತ್ತಿರದ ಕಲ್ಲುಕ್ವಾರಿಯ ಕಡೆ ಒಮ್ಮೆ ನೋಡಿ. ಬೂದು ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗೆ ಇವತ್ತಿಗೂ ಆಗಿಲ್ಲ.